ಬಟ್ಟೆಯ ಮೇಲೆ ಚಿತ್ರ ಬರೆಯಲು ಯಾವ ಮಾರ್ಕರ್ ಕೊಳ್ಳಬೇಕು?

ಚಿಕ್ಕಮಗಳೂರಿನಲ್ಲಿ ಹೊಲಿಗೆ ತರಗತಿಯ ಜೊತೆಗೆ ಬಟ್ಟೆಯ ಮೇಲೆ ಚಿತ್ರ ಬರೆಯುವುದನ್ನೂ ಹೇಳಿಕೊಡಲು ಆರಂಭಿಸಿದ ಮೇಲೆ, ಚಿತ್ರಕ್ಕಿಂತ ಸಾಮಗ್ರಿಯ ಬಗ್ಗೆಯೇ ನನಗೆ ಹೆಚ್ಚು ಪ್ರಶ್ನೆಗಳು ಬರುತ್ತಿವೆ. ಹೋದ ತಿಂಗಳು ಒಂದೇ ವಾರದಲ್ಲಿ ಮೂವರು ಕೇಳಿದರು. ಹೋಂಸ್ಟೇ ನಡೆಸುವ ಒಬ್ಬರಿಗೆ ಅತಿಥಿಗಳಿಗೆ ಕಾಫಿಪುಡಿ ಹಾಕಿಕೊಡಲು ಚಿತ್ರ ಬರೆದ ನಲವತ್ತು ಬಟ್ಟೆ ಚೀಲಗಳು ಬೇಕಾಗಿದ್ದವು. ಹಾಸನದ ಒಬ್ಬ ತಾಯಿ, ಮಗಳ ಹುಟ್ಟುಹಬ್ಬಕ್ಕೆ ಬರುವ ಮಕ್ಕಳ ಕೈಯಿಂದಲೇ ಸಣ್ಣ ಪೌಚುಗಳ ಮೇಲೆ ಚಿತ್ರ ಬರೆಸಿ ಅವರಿಗೇ ಕೊಟ್ಟು ಕಳುಹಿಸಬೇಕೆಂದಿದ್ದರು. ಇನ್ನೊಬ್ಬಳು ಕಾಲೇಜು ಹುಡುಗಿ, ಕಪ್ಪು ಕ್ಯಾನ್ವಾಸ್ ಶೂ ಮೇಲೆ ಬಿಳಿ ಹೂ ಬರೆಯಲು ಹೊರಟವಳು. ಮೂವರೂ ಕೇಳಿದ್ದು "ಯಾವ ಮಾರ್ಕರ್ ಒಳ್ಳೆಯದು?" ಎಂದೇ ಆದರೂ, ಮೂವರಿಗೂ ನಾನು ಬೇರೆ ಬೇರೆ ಉತ್ತರ ಕೊಡಬೇಕಾಯಿತು. ಆ ಉತ್ತರಗಳು ಹೇಗೆ ಬಂದವು ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ರಾಜ್ಯದಲ್ಲಿ 2016ರಲ್ಲಿ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧ ಬಂದು, 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಜಾರಿಯಾದ ಮೇಲೆ, ಬಟ್ಟೆ ಅಂಗಡಿ, ಮದುವೆ ಮನೆ, ಸಭೆ ಸಮಾರಂಭ ಎಲ್ಲಿ ಹೋದರೂ ಒಂದೊಂದು ಬಟ್ಟೆ ಚೀಲ ಕೈಗೆ ಬರುತ್ತದೆ. ಹೀಗೆ ಮನೆಯಲ್ಲಿ ಸೇರಿಕೊಂಡ ಬೋಳು ಚೀಲಗಳಿಗೆ ಏನಾದರೂ ಮಾಡಬೇಕೆಂಬ ಆಸೆಯಿಂದಲೇ ಬಹಳ ಮಂದಿ ಈ ಕೆಲಸಕ್ಕೆ ಕೈಹಾಕುತ್ತಾರೆ. ಆಸೆ ಒಳ್ಳೆಯದೇ. ಆದರೆ ಮೊದಲು ಅಂಗಡಿಗೆ ಹೋಗಿ ಇಪ್ಪತ್ತನಾಲ್ಕು ಬಣ್ಣಗಳ ಸೆಟ್ಟು ತಂದು, ಆಮೇಲೆ ಅದರಿಂದ ಏನು ಬರೆಯಬಹುದೆಂದು ಹುಡುಕುವುದರಿಂದಲೇ ಹಣ ಹೆಚ್ಚಾಗಿ ಹಾಳಾಗುತ್ತದೆ ಎಂಬುದು ನನ್ನ ಅನುಭವ.

ಬಟ್ಟೆಯನ್ನು ನೋಡುವ ಬಗೆ

ಮಾರ್ಕರ್ ಆರಿಸುವ ಮೊದಲು ಬರೆಯಬೇಕಾದ ವಸ್ತುವನ್ನು ಮುಂದಿಟ್ಟುಕೊಂಡು ಕೆಲವು ಪ್ರಶ್ನೆ ಕೇಳಿಕೊಳ್ಳಬೇಕು. ಎಲ್ಲಕ್ಕಿಂತ ಮೊದಲನೆಯದು, ಇದು ಎಷ್ಟು ದಿನಕ್ಕೊಮ್ಮೆ ನೀರಿಗೆ ಬೀಳುತ್ತದೆ ಮತ್ತು ಹೇಗೆ ಒಗೆಯಲ್ಪಡುತ್ತದೆ ಎಂಬುದು. ಹೊರದೇಶದ ಕಂಪನಿಗಳು ಪೊಟ್ಟಣದ ಮೇಲೆ "ಒಗೆಯಬಹುದು" ಎಂದು ಬರೆಯುವಾಗ ಅವರ ಮನಸ್ಸಿನಲ್ಲಿರುವುದು ತಣ್ಣೀರು ತುಂಬಿದ ಯಂತ್ರದಲ್ಲಿ ಮೆಲ್ಲನೆ ತಿರುಗುವ ಬಟ್ಟೆ. ನಮ್ಮ ಹಿತ್ತಲಿನ ಒಗೆಯುವ ಕಲ್ಲು, ಬಾರ್ ಸೋಪು, ಪ್ಲಾಸ್ಟಿಕ್ ಬ್ರಷ್ಷು ಅವರ ಲೆಕ್ಕದಲ್ಲಿಲ್ಲ. ತರಕಾರಿ ಚೀಲ ವಾರಕ್ಕೊಮ್ಮೆ ಕಲ್ಲಿನ ಮೇಲೆ ಬೀಳಬಹುದು, ಕರವಸ್ತ್ರ ದಿನವೂ ಬೀಳುತ್ತದೆ, ಪುಸ್ತಕದ ಚೀಲ ತಿಂಗಳಿಗೊಮ್ಮೆ, ಗೋಡೆಗೆ ತೂಗುಹಾಕುವ ಬಟ್ಟೆ ಎಂದೂ ಇಲ್ಲ. ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿದರೆ ಅರ್ಧ ಆಯ್ಕೆ ಮುಗಿದಂತೆ.

ಎರಡನೆಯದು ನೂಲು. ಹತ್ತಿ, ಖಾದಿ, ಲಿನನ್, ಸೆಣಬುಗಳಂಥ ಸಹಜ ನಾರುಗಳು ಬಣ್ಣವನ್ನು ಹಿಡಿದುಕೊಳ್ಳುತ್ತವೆ; ಪಾಲಿಯೆಸ್ಟರ್, ನೈಲಾನ್‌ಗಳ ಮೇಲೆ ಬಣ್ಣ ಬರಿದೆ ಮೇಲೆ ಕೂರುತ್ತದೆ. ಇದರ ಜೊತೆಗೆ ಒಂದು ಎಚ್ಚರಿಕೆ: ಅಂಗಡಿಗಳಲ್ಲಿ ಕೊಡುವ, ನೋಡಲು ಬಟ್ಟೆಯಂತೆಯೇ ಕಾಣುವ, ಮೇಲೆಲ್ಲ ಸಣ್ಣ ಸಣ್ಣ ಗುಳಿಗಳಿರುವ ತೆಳು ಚೀಲಗಳು ನೇಯ್ದ ಬಟ್ಟೆಯೇ ಅಲ್ಲ. ಅವು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡಿದವು. ಅದು ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೆ ಕರಗುವುದರಿಂದ, ಬಣ್ಣ ಕೂರಿಸಲೆಂದು ಹತ್ತಿಬಟ್ಟೆಯ ಬಿಸಿಯಲ್ಲಿ ಇಸ್ತ್ರಿ ಇಟ್ಟರೆ ಚೀಲವೇ ಪೆಟ್ಟಿಗೆಗೆ ಅಂಟಿಕೊಂಡು ಬರುತ್ತದೆ. ಅಂಥ ಚೀಲದ ಮೇಲೆ ಶ್ರಮ ಹಾಕಬೇಡಿ.

ನೇಯ್ಗೆಯೂ ಮುಖ್ಯ. ಎಳೆಗಳು ಒತ್ತಾಗಿದ್ದರೆ ಗೆರೆ ಗೆರೆಯಾಗಿಯೇ ನಿಲ್ಲುತ್ತದೆ. ಸಡಿಲವಾಗಿದ್ದರೆ ತೆಳುವಾದ ಶಾಯಿ ಹಾಸು ಹೊಕ್ಕುಗಳ ಗುಂಟ ಹರಿದು ಗೆರೆಯ ಇಕ್ಕೆಲಗಳಲ್ಲಿ ಕೂದಲು ಬೆಳೆದಂತೆ ಕಾಣಿಸುತ್ತದೆ. ಕ್ಯಾನ್ವಾಸನ್ನು ಔನ್ಸಿನ ಲೆಕ್ಕದಲ್ಲಿ ಮಾರುವವರು 10 ಔನ್ಸ್ ಎಂದರೆ ಒಂದು ಚದರ ಮೀಟರಿಗೆ ಸುಮಾರು 340 ಗ್ರಾಂ ತೂಗುವ ಬಟ್ಟೆ ಎಂದು ತಿಳಿಯಿರಿ. ಕಲಿಯುವವರಿಗೆ ಆ ದಪ್ಪ ಬಹಳ ಅನುಕೂಲ. ಕೋರಾ ಬಟ್ಟೆಯಾದರೆ ಅದರಲ್ಲಿ ಗಂಜಿ ಇರುತ್ತದೆ. ಬಣ್ಣ ನೂಲಿಗೆ ಹತ್ತಬೇಕಾದರೆ ಮೊದಲೇ ಒಮ್ಮೆ ಬಿಸಿನೀರಿನಲ್ಲಿ ಸೋಪು ಹಾಕಿ ಒಗೆದು, ಮೃದುವಾಗಿಸುವ ದ್ರವ ಯಾವುದನ್ನೂ ಹಾಕದೆ ಒಣಗಿಸಿ ಇಸ್ತ್ರಿ ಮಾಡಿಟ್ಟುಕೊಳ್ಳಬೇಕು. ಇದನ್ನು ಬಿಟ್ಟವರ ಚಿತ್ರ ಗಂಜಿಯ ಮೇಲೆ ಕೂತು, ಗಂಜಿಯ ಜೊತೆಗೇ ಹೊರಟು ಹೋಗುತ್ತದೆ.

ಮೂರನೆಯ ಪ್ರಶ್ನೆ ಬಟ್ಟೆಯ ಬಣ್ಣ ತಿಳಿಯೋ ಗಾಢವೋ ಎಂಬುದು. ನಾಲ್ಕನೆಯದು ನಿಮ್ಮ ಚಿತ್ರದಲ್ಲಿ ಗೆರೆ ಹೆಚ್ಚೋ ತುಂಬುವ ಜಾಗ ಹೆಚ್ಚೋ ಎಂಬುದು. ಬರೆಯುವವರು ಯಾರು, ಒಂದು ವಸ್ತುವಿಗೆ ಎಷ್ಟು ಖರ್ಚು ಬೀಳುತ್ತದೆ ಎಂಬುವು ಆಮೇಲೆ ಬರುತ್ತವೆ. ಖರ್ಚನ್ನು ಸೆಟ್ಟಿನ ಬೆಲೆಯಿಂದ ಅಳೆಯದೆ, ಆ ಸೆಟ್ಟು ಎಷ್ಟು ಚೀಲಗಳಿಗೆ ಬಂತು ಎಂದು ಭಾಗಿಸಿ ನೋಡುವುದು ಸರಿಯಾದ ಕ್ರಮ.

ಶಾಯಿಯ ಫ್ಯಾಬ್ರಿಕ್ ಮಾರ್ಕರ್

ಮಕ್ಕಳ ಸ್ಕೆಚ್ ಪೆನ್ನಿನಂತೆಯೇ ಕಾಣುವ, ಅಲುಗಾಡಿಸುವ ಅಗತ್ಯವಿಲ್ಲದ, ಮುಚ್ಚಳ ತೆಗೆದೊಡನೆ ಬರೆಯುವ ಪೆನ್ನುಗಳಿವು. ಇವುಗಳಲ್ಲಿ ಹೆಚ್ಚಿನವುಗಳಲ್ಲಿ ಇರುವುದು ನೀರಿನಂಥ ತೆಳು ಶಾಯಿ; ಅದು ನೂಲಿನ ಒಳಕ್ಕೆ ಇಳಿದು ನೂಲನ್ನೇ ಬಣ್ಣಗೊಳಿಸುತ್ತದೆ. ಇದರಿಂದ ಆಗುವ ದೊಡ್ಡ ಲಾಭವೆಂದರೆ ಬಟ್ಟೆಯ ಮೃದುತ್ವ ಕೆಡುವುದಿಲ್ಲ. ಚಿತ್ರದ ಮೇಲೆ ಕೈಯಾಡಿಸಿದರೆ ಬಟ್ಟೆಯಷ್ಟೇ ಕೈಗೆ ಸಿಗುತ್ತದೆ. ಕರವಸ್ತ್ರ, ದಿಂಬಿನ ಕವರು, ಕತ್ತಿಗೆ ಸುತ್ತಿಕೊಳ್ಳುವ ಸ್ಕಾರ್ಫ್‌ಗಳಂತೆ ಮೈಗೆ ತಾಗುವ ವಸ್ತುಗಳಿಗೆ ನಾನು ಇವನ್ನೇ ಹೇಳುವುದು. ಮಡಿಚಿದಾಗ ಬಿರುಕು ಬಿಡಲು ಮೇಲೆ ಪದರವೇ ಇರುವುದಿಲ್ಲ.

ಇದರ ಮಿತಿಗಳು ಅಷ್ಟೇ ಸ್ಪಷ್ಟ. ಶಾಯಿ ಪಾರದರ್ಶಕವಾದ್ದರಿಂದ ಬಿಳಿ, ಕೆನೆ, ತಿಳಿ ಹಳದಿಯಂಥ ಬಟ್ಟೆಗಳನ್ನು ಬಿಟ್ಟರೆ ಬೇರೆಡೆ ಅದು ಕಾಣಿಸುವುದಿಲ್ಲ. ನೀಲಿ ಬಟ್ಟೆಯ ಮೇಲೆ ಹಳದಿ ಬರೆದರೆ ಕೊಳೆ ಹತ್ತಿದಂತಾಗುತ್ತದೆ. ಬಿಳಿ ಬಣ್ಣದ ಶಾಯಿ ಮಾರ್ಕರ್ ಇರಲು ಸಾಧ್ಯವೇ ಇಲ್ಲ. ಸಡಿಲ ನೇಯ್ಗೆಯಲ್ಲಿ ಹರಡುತ್ತದೆ, ಹೀಗಾಗಿ ಖಾದಿಯ ಮೇಲೆ ಸೂಕ್ಷ್ಮ ಗೆರೆ ಬೇಕೆಂದರೆ ಸಿಗದು. ಬಿಸಿಲಿಗೆ ಇಂಥ ಶಾಯಿ ಬೇಗ ಮಾಸುತ್ತದೆ. ಪೊಟ್ಟಣದ ಮೇಲೆ ಪಿಗ್ಮೆಂಟ್ ಎಂದು ಬರೆದಿರುವ ಫ್ಯಾಬ್ರಿಕ್ ಮಾರ್ಕರ್‌ಗಳೂ ಉಂಟು. ಅವುಗಳಲ್ಲಿ ಬಣ್ಣದ ಪುಡಿ ಇರುವುದರಿಂದ ಬಿಸಿಲನ್ನು ಹೆಚ್ಚು ತಡೆಯುತ್ತವೆ, ಬೆಲೆಯೂ ಸಾಮಾನ್ಯವಾಗಿ ಒಂದು ಮೆಟ್ಟಿಲು ಮೇಲೆಯೇ ಇರುತ್ತದೆ.

ಅಕ್ರಿಲಿಕ್ ಪೇಂಟ್ ಮಾರ್ಕರ್

ಈಗ ಎಲ್ಲರೂ ಕೇಳಿಕೊಂಡು ಬರುವುದು ಇದನ್ನೇ, ಆದ್ದರಿಂದ ಇದರ ಬಗ್ಗೆ ಹೆಚ್ಚು ಹೇಳಬೇಕಾಗಿದೆ. ಇದು ಪೆನ್ನಿನ ರೂಪದಲ್ಲಿರುವ ಬಣ್ಣ. ಒಳಗೆ ನೀರು, ಬಣ್ಣದ ಪುಡಿ ಮತ್ತು ಅಕ್ರಿಲಿಕ್ ಅಂಟು ಇರುತ್ತವೆ. ನೀರು ಆರಿದಂತೆ ಅಂಟಿನ ಕಣಗಳು ಒಂದಕ್ಕೊಂದು ಕೂಡಿಕೊಂಡು ಬಟ್ಟೆಯ ಎಳೆಗಳನ್ನು ಹಿಡಿದು ತೆಳುವಾದ ಪದರವಾಗುತ್ತವೆ. ಈ ವರ್ಗದಲ್ಲಿ ಜಗತ್ತಿನೆಲ್ಲೆಡೆ ಹೆಸರಾಗಿರುವುದು ಜಪಾನಿನ ಮಿತ್ಸುಬಿಷಿ ಪೆನ್ಸಿಲ್ ಕಂಪನಿ 1983ರಲ್ಲಿ ತಂದ ಪೋಸ್ಕಾ. (ಕಾರು ಮಾಡುವ ಮಿತ್ಸುಬಿಷಿಗೂ ಇದಕ್ಕೂ ಸಂಬಂಧವಿಲ್ಲ, ತರಗತಿಯಲ್ಲಿ ಪ್ರತಿ ಬಾರಿಯೂ ಯಾರಾದರೊಬ್ಬರು ಕೇಳುವುದರಿಂದ ಇಲ್ಲಿಯೇ ಹೇಳಿಬಿಡುತ್ತೇನೆ.) ಈಗ ನಮ್ಮ ದೇಶದ ಕಂಪನಿಗಳೂ ಇದೇ ಬಗೆಯವನ್ನು ಮಾರುತ್ತಿವೆ. ಆಮದಾದ ಒಂದೇ ಪೆನ್ನಿಗೆ ನೂರು ರೂಪಾಯಿಯ ಮೇಲೆಯೇ ಕೊಡಬೇಕಾದರೆ, ದೇಶೀ ಸೆಟ್ಟುಗಳಲ್ಲಿ ಹನ್ನೆರಡು ಪೆನ್ನು ಕೆಲವು ನೂರುಗಳೊಳಗೆ ಬರುತ್ತವೆ.

ಇದರ ದೊಡ್ಡ ಗುಣ ಮುಚ್ಚುವ ಶಕ್ತಿ. ಕಪ್ಪು ಬಟ್ಟೆಯ ಮೇಲೆ ಬಿಳಿ ಗೆರೆ ಬಿಳಿಯಾಗಿಯೇ ಕಾಣುತ್ತದೆ, ಒಂದು ಬಣ್ಣ ಒಣಗಿದ ಮೇಲೆ ಅದರ ಮೇಲೆಯೇ ಇನ್ನೊಂದನ್ನು ಹಾಕಬಹುದು, ತಪ್ಪಿದರೆ ಮೇಲೆ ಬಳಿದು ಮುಚ್ಚಬಹುದು. ಬಣ್ಣ ಗಟ್ಟಿಯಾದ್ದರಿಂದ ಹರಡುವುದು ಕಡಿಮೆ. ಗಾಢ ಬಟ್ಟೆಯ ಮೇಲೆ ಕೆಂಪು, ಹಳದಿಗಳು ಎದ್ದು ಕಾಣಬೇಕಾದರೆ ಮೊದಲು ಬಿಳಿಯನ್ನು ಹಾಕಿ, ಅದು ಪೂರ್ತಿ ಆರಿದ ಮೇಲೆ ಬಣ್ಣ ಕೊಡಬೇಕು. ಇಲ್ಲದಿದ್ದರೆ ಎಷ್ಟು ಒಳ್ಳೆಯ ಪೆನ್ನಾದರೂ ಬಣ್ಣ ಮಂಕಾಗುತ್ತದೆ.

ನಮ್ಮ ಭಾಗದ ಚಿತ್ತಾರಗಳಿಗೆ ಈ ಪೆನ್ನು ಹೇಳಿ ಮಾಡಿಸಿದ ಹಾಗಿದೆ. ಎಳೆ ರಂಗೋಲಿ, ಚುಕ್ಕಿ ರಂಗೋಲಿ ಎರಡೂ ಒಂದೇ ದಪ್ಪದ ಗೆರೆಯ ಮೇಲೆ ನಿಂತ ಕಲೆಗಳು. ರಂಗೋಲಿ ಬಲ್ಲ ಕೈಗೆ ಕುಂಚಕ್ಕಿಂತ ಮಾರ್ಕರ್ ಬೇಗ ಒಗ್ಗುತ್ತದೆ. ಕಾಫಿಯ ರೆಂಬೆ ಬರೆಯುವವರಿಗೆ ಎದುರುಬದುರಾಗಿ ಜೋಡಿಯಾಗಿ ಬರುವ ಎಲೆ, ಗಿಣ್ಣಿಗೆ ಒತ್ತಾಗಿ ಅಂಟಿದ ಬಿಳಿ ಹೂ, ಅದೇ ಗಿಣ್ಣಿನಲ್ಲಿ ಆಮೇಲೆ ಕಟ್ಟುವ ಕೆಂಪು ಹಣ್ಣು ಇಷ್ಟು ಸಾಕು. ಕಾಳುಮೆಣಸಿನ ಗೊನೆಯನ್ನಂತೂ ಮಧ್ಯಮ ನಿಬ್ಬಿನಿಂದ ಬರೀ ಚುಕ್ಕಿಯಿಟ್ಟೇ ಇಳಿಸಬಹುದು. ಬೇಲೂರು, ಹಳೇಬೀಡುಗಳ ಗೋಡೆಯ ಪಟ್ಟಿಕೆಗಳಲ್ಲಿ ಸಾಲುಗಟ್ಟಿ ಓಡುವ ಸುರುಳಿ ಬಳ್ಳಿಯನ್ನು ಚೀಲದ ಅಂಚಿಗೆ ಇಳಿಸುವವರೂ ಇದ್ದಾರೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ನಮ್ಮಲ್ಲಿ ಅಂಥ ಚೀಲ ಕೇಳುವವರು ಹೆಚ್ಚಿದರು. ನನ್ನ ಅಭಿಪ್ರಾಯ ಕೇಳಿದರೆ, ಶಿಲಾಬಾಲಿಕೆಯನ್ನು ಬರೆಯಲು ಹೋಗಿ ಕೆಡಿಸುವುದಕ್ಕಿಂತ ಆ ಬಳ್ಳಿಯೊಂದನ್ನೇ ಅಚ್ಚುಕಟ್ಟಾಗಿ ಎಳೆಯುವುದು ಲೇಸು.

ನಿಬ್ಬಿನ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ತೆಳ್ಳಗಿನ ಗೆರೆ ಬರಲೆಂದು 0.7 ಮಿ.ಮೀ. ನಿಬ್ಬಿನದನ್ನು ಕೊಂಡರೆ, ಕಾಗದದ ಮೇಲೆ ಸೊಗಸಾಗಿ ಓಡುವ ಅದು ಕ್ಯಾನ್ವಾಸಿನ ಉಬ್ಬುತಗ್ಗುಗಳಿಗೆ ಸಿಕ್ಕಿಕೊಳ್ಳುತ್ತದೆ, ನೂಲಿನ ಜುಂಗು ತುದಿಗೆ ಹಿಡಿದು ಬಣ್ಣ ಕಟ್ಟುತ್ತದೆ. ಬಟ್ಟೆಗೆ ಒಂದು ಮಿಲಿಮೀಟರಿನ ಆಸುಪಾಸಿನದು ಗೆರೆಗೆ, ಎರಡು ಎರಡೂವರೆ ಮಿಲಿಮೀಟರಿನದು ತುಂಬಲು ಹೊಂದುತ್ತದೆ. ಕ್ಯಾನ್ವಾಸು ಒರಟಾದಷ್ಟೂ ನಿಬ್ಬು ದಪ್ಪವಾಗಬೇಕು. ತುದಿ ಒತ್ತಿ ಬಣ್ಣ ಇಳಿಸಬೇಕಾದ ಪೆನ್ನುಗಳನ್ನು ಚೀಲದ ಮೇಲೆ ಒತ್ತಬೇಡಿ, ಪಕ್ಕದಲ್ಲಿ ಚಿಂದಿ ಬಟ್ಟೆ ಇಟ್ಟುಕೊಂಡು ಅದರ ಮೇಲೆ ಒತ್ತಿ. ದಪ್ಪ ಹನಿಯೊಂದು ಬಿದ್ದರೆ ಅಲ್ಲಿಗೆ ಮುಗಿಯಿತು. ಬಿಳಿ ಬಣ್ಣದ ಪುಡಿ ಭಾರವಾದ್ದರಿಂದ ಬೇಗ ತಳಕ್ಕಿಳಿಯುತ್ತದೆ, ಅದನ್ನು ಉಳಿದವಕ್ಕಿಂತ ಹೆಚ್ಚು ಹೊತ್ತು ಅಲುಗಾಡಿಸಬೇಕು. ಕೆಲಸ ಮುಗಿದ ಮೇಲೆ ಪೆನ್ನುಗಳನ್ನು ನಿಲ್ಲಿಸದೆ ಮಲಗಿಸಿ ಇಡಿ.

ಇಷ್ಟೆಲ್ಲ ಇದ್ದರೂ ಇದರಲ್ಲಿ ಎರಡು ಕೊರತೆಗಳಿವೆ. ಮೊದಲನೆಯದು ಗಡುಸುತನ. ಗೆರೆಯಾದರೆ ಗೊತ್ತಾಗುವುದಿಲ್ಲ, ಆದರೆ ಅಂಗೈಯಗಲದ ಜಾಗವನ್ನು ಎರಡು ಸಲ ತುಂಬಿದರೆ ಆ ಭಾಗ ರಟ್ಟಿನಂತಾಗುತ್ತದೆ. ದುಪಟ್ಟಾ ಬೀಳಬೇಕಾದ ಹಾಗೆ ಬೀಳುವುದಿಲ್ಲ, ಮಡಿಕೆ ಬೀಳುವ ಜಾಗದಲ್ಲಿ ಬಣ್ಣ ಬಿರಿಯುತ್ತದೆ. ಎರಡನೆಯದು ಬಣ್ಣ ಬೇಗ ಮುಗಿಯುವುದು. ದೊಡ್ಡ ಎಲೆಗಳನ್ನು ತುಂಬಲು ಹೊರಟರೆ ಹಸಿರು ಪೆನ್ನು ಕೆಲವೇ ಚೀಲಗಳಲ್ಲಿ ಖಾಲಿಯಾಗುತ್ತದೆ, ಸೆಟ್ಟಿನಲ್ಲಿದ್ದ ನೇರಳೆ ಗುಲಾಬಿಗಳು ಹಾಗೆಯೇ ಉಳಿದು ಒಣಗುತ್ತವೆ. ಬಿಡಿಯಾಗಿ ಒಂದೊಂದೇ ಬಣ್ಣ ಸಿಗುವ ಕಂಪನಿಯದನ್ನು ಆರಿಸಲು ಇದೇ ಸಾಕಷ್ಟು ಕಾರಣ.

ಬಾಟಲಿಯ ಬಣ್ಣ ಮತ್ತು ಕುಂಚ

ಮಾರ್ಕರ್ ಬಂದ ಮೇಲೆ ಇದನ್ನು ಹಳೆಯ ಕಾಲದ್ದೆಂದು ಬದಿಗಿಡುವವರು ಹೆಚ್ಚಾಗಿದ್ದಾರೆ. ನಮ್ಮ ತಾಯಂದಿರು ದಿಂಬಿನ ಕವರಿಗೂ ಸೀರೆಯ ಸೆರಗಿಗೂ ಬಳಸಿದ್ದು ಇದನ್ನೇ. ಪಿಡಿಲೈಟ್‌ನ ಫೆವಿಕ್ರಿಲ್, ಕೊಕುಯೊ ಕ್ಯಾಮ್ಲಿನ್‌ನ ಕ್ಯಾಮೆಲ್ ಹೆಸರಿನ ಬಟ್ಟೆ ಬಣ್ಣಗಳು ಹಾಸನ, ಚಿಕ್ಕಮಗಳೂರು ಮಾತ್ರವಲ್ಲ, ತಾಲ್ಲೂಕು ಕೇಂದ್ರಗಳ ಸ್ಟೇಶನರಿ ಅಂಗಡಿಗಳಲ್ಲೂ ಸಿಗುತ್ತವೆ. ಒಂದು ಬಣ್ಣ ಮುಗಿದರೆ ಸಂಜೆಯೊಳಗೆ ಇನ್ನೊಂದನ್ನು ತರಬಹುದು. ಸಣ್ಣ ಬಾಟಲಿಗೆ ಹತ್ತಾರು ರೂಪಾಯಿಯಷ್ಟೇ ಆಗುವುದರಿಂದ, ಒಂದು ಆಮದು ಮಾರ್ಕರಿನ ಬೆಲೆಗೆ ಇಲ್ಲಿ ಕೆಲವು ಬಣ್ಣಗಳೇ ಬರುತ್ತವೆ.

ರಸಾಯನದ ಲೆಕ್ಕದಲ್ಲಿ ಇದು ಅಕ್ರಿಲಿಕ್ ಮಾರ್ಕರಿನ ಸೋದರನೇ. ವ್ಯತ್ಯಾಸವೆಂದರೆ ಇದನ್ನು ಬಟ್ಟೆಗೆಂದೇ ತಯಾರಿಸಿರುವುದರಿಂದ ಅಂಟು ಹೆಚ್ಚು ಬಾಗುವಂಥದ್ದು, ತೆಳುವಾಗಿ ಹಾಕಿದರೆ ಒಣಗಿದ ಮೇಲೂ ಬಟ್ಟೆ ಮಡಚಿಕೊಳ್ಳುತ್ತದೆ. ಬಣ್ಣ ಬೆರೆಸಿ ಬೇಕಾದ ಛಾಯೆ ಮಾಡಿಕೊಳ್ಳಬಹುದು. ಕಾಫಿ ಎಲೆಯ ಆ ಗಾಢ ಹಸಿರು ಯಾವ ಮಾರ್ಕರ್ ಸೆಟ್ಟಿನಲ್ಲೂ ನನಗೆ ಸಿಕ್ಕಿಲ್ಲ, ಬಾಟಲಿಯ ಹಸಿರಿಗೆ ಒಂದಿಷ್ಟು ಕಂದು ಬೆರೆಸಿದರೆ ಬರುತ್ತದೆ. ಇಲ್ಲಿ ಕಷ್ಟವಿರುವುದು ಕೈಯಲ್ಲಿ. ಕುಂಚದಿಂದ ಒಂದೇ ದಪ್ಪದ ಉದ್ದ ಗೆರೆ ಎಳೆಯಲು ತಿಂಗಳುಗಟ್ಟಲೆ ಅಭ್ಯಾಸ ಬೇಕು. ನೀರು ಹೆಚ್ಚಾದರೆ ಹರಡುತ್ತದೆ, ಕಡಿಮೆಯಾದರೆ ಕುಂಚ ಎಳೆಯುತ್ತದೆ. ತಟ್ಟೆ, ನೀರು, ಒರೆಸುವ ಬಟ್ಟೆ ಹರಡಿಕೊಂಡು ಕೂರಬೇಕಾದ್ದರಿಂದ ಬಿಡುವಾದಾಗ ಹತ್ತು ನಿಮಿಷ ಮಾಡಿ ಎದ್ದು ಹೋಗುವ ಕೆಲಸ ಇದಲ್ಲ. ಮಾರ್ಕರಿನಿಂದ ಗೆರೆ ಎಳೆದು, ಬಾಟಲಿಯ ಬಣ್ಣದಿಂದ ಒಳಗೆ ತುಂಬುವ ಎರಡರ ಬೆರಕೆಯೇ ನನ್ನ ನಿತ್ಯದ ಪದ್ಧತಿ, ಖರ್ಚಿನ ಲೆಕ್ಕದಲ್ಲೂ ಅದೇ ಗೆಲ್ಲುತ್ತದೆ. ಹಾಗೆ ಮಾಡುವಾಗ ತುಂಬುವುದನ್ನು ಮೊದಲು ಮಾಡಿ, ಆರಿದ ಮೇಲೆ ಅಂಚಿನ ಗೆರೆ ಎಳೆದರೆ ಕುಂಚದ ಅಂಕುಡೊಂಕೆಲ್ಲ ಗೆರೆಯಡಿ ಮುಚ್ಚಿಹೋಗುತ್ತದೆ.

ಪರ್ಮನೆಂಟ್ ಮಾರ್ಕರ್ ಮತ್ತು ಎಣ್ಣೆಯ ಪೇಂಟ್ ಮಾರ್ಕರ್

ಮನೆಯಲ್ಲಿ ಹೇಗೂ ಇದೆಯೆಂದು ಪರ್ಮನೆಂಟ್ ಮಾರ್ಕರಿನಿಂದ ಬರೆಯಬೇಡಿ. ನಾನು ಆರಂಭದಲ್ಲಿ ಅದರಿಂದಲೇ ಒಂದು ಬಿಳಿ ಚೀಲದ ತುಂಬ ಕಪ್ಪು ಬಳ್ಳಿ ಬರೆದಿದ್ದೆ; ಬರೆಯುವಾಗಲೇ ಅಂಚುಗಳಲ್ಲಿ ನೇರಳೆ ಬಣ್ಣದ ನೆರಳು ಹಬ್ಬಿತು, ಒಗೆದಷ್ಟೂ ಕಪ್ಪು ಬೂದುಬಣ್ಣಕ್ಕೆ ತಿರುಗಿತು. ಅದು ಹಲವು ಬಣ್ಣಗಳನ್ನು ಬೆರೆಸಿ ಮಾಡಿದ ಕಪ್ಪು, ಸ್ಪಿರಿಟ್ಟಿನಲ್ಲಿ ಕರಗಿರುವಂಥದ್ದು, ಬಟ್ಟೆಯಲ್ಲಿ ಹರಿಯುವಾಗ ಬೇರ್ಪಡುತ್ತದೆ. ಎಣ್ಣೆ ಆಧಾರದ ಪೇಂಟ್ ಮಾರ್ಕರ್‌ಗಳು ಲೋಹ, ಗಾಜು, ಕಲ್ಲಿಗೆ ಮಾಡಿದವು. ಬಟ್ಟೆಯ ಮೇಲೆ ಗೆರೆಯ ಸುತ್ತ ಎಣ್ಣೆಯ ಕಲೆ ಬಿಡುತ್ತವೆ, ಮತ್ತು ಹಲವುಗಳಲ್ಲಿ ಜೈಲೀನ್ ಎಂಬ ದ್ರಾವಕ ಇರುವುದರಿಂದ ಮುಚ್ಚಿದ ಕೋಣೆಯಲ್ಲಾಗಲಿ ಮಕ್ಕಳ ಕೈಗಾಗಲಿ ತಕ್ಕವಲ್ಲ. ಆನ್‌ಲೈನಿನಲ್ಲಿ ಎರಡನ್ನೂ "ಪೇಂಟ್ ಮಾರ್ಕರ್" ಎಂಬ ಒಂದೇ ಹೆಸರಿನಲ್ಲಿ ಮಾರುವುದರಿಂದ, ನೀರಿನ ಆಧಾರದ್ದೇ ಎಂದು ನೋಡಿ ಕೊಳ್ಳಿ.

ಮಳೆಗಾಲದ ಲೆಕ್ಕ

ಬಣ್ಣ ಒಣಗಲು ಇಪ್ಪತ್ತನಾಲ್ಕು ಗಂಟೆ ಸಾಕು ಎಂಬುದು ಅರಸೀಕೆರೆಯ ಕಡೆಗೆ, ಅದೂ ಮಾಘ ಫಾಲ್ಗುಣಗಳಲ್ಲಿ ಸರಿಯಾದ ಮಾತು. ಆಷಾಢದ ಜಡಿಮಳೆಯಲ್ಲಿ ಸಕಲೇಶಪುರ, ಮೂಡಿಗೆರೆ, ಕೊಪ್ಪದವರು ಅದನ್ನು ನಂಬಿದರೆ ಕೆಡುತ್ತಾರೆ. ನೀರು ಆರದೆ ಅಕ್ರಿಲಿಕ್ ಪದರ ಕೂಡಿಕೊಳ್ಳುವುದಿಲ್ಲ, ಥಂಡಿಯಲ್ಲಿ ಇನ್ನೂ ನಿಧಾನ. ಮುಟ್ಟಿದರೆ ಒಣಗಿದಂತೆ ತೋರಿದರೂ ಒಳಗೆ ಜಿಗುಟು ಉಳಿದಿರುತ್ತದೆ. ಒಂದು ಜುಲೈಯಲ್ಲಿ ಇಪ್ಪತ್ತು ಚೀಲ ಮುಗಿಸಿ, ಮರುದಿನವೇ ಚಿತ್ರಕ್ಕೆ ಚಿತ್ರ ಎದುರಾಗಿ ಒಂದರ ಮೇಲೊಂದು ಪೇರಿಸಿ ಕಟ್ಟಿಟ್ಟಿದ್ದೆ. ಬಿಚ್ಚುವಾಗ ಒಂದು ಚೀಲದ ಹೂವಿನ ಅರ್ಧ ಇನ್ನೊಂದರ ಎಲೆಗೆ ಹತ್ತಿಕೊಂಡು ಬಂತು, ಏಳು ಚೀಲ ಕೆಟ್ಟವು. ಆ ಮೇಲೆ ಮಳೆಗಾಲದಲ್ಲಿ ಕನಿಷ್ಠ ಮೂರು ದಿನ ಗಾಳಿಯಾಡುವ ಕಡೆ ಹರಡಿ, ಪೇರಿಸುವಾಗ ನಡುವೆ ಬಟರ್ ಪೇಪರ್ ಇಡುತ್ತೇನೆ. ಬಚ್ಚಲೊಲೆಯ ಮೇಲಿನ ಗಳುವಿನಲ್ಲಿ ಒಣಹಾಕುವುದು ನಮ್ಮಲ್ಲಿ ರೂಢಿಯಾದರೂ ಚಿತ್ರ ಬರೆದ ಬಟ್ಟೆಗೆ ಅದು ಬೇಡ, ಹೊಗೆಯ ಮಸಿ ಜಿಗುಟು ಬಣ್ಣಕ್ಕೆ ಹತ್ತಿದರೆ ಬಿಡುವುದಿಲ್ಲ.

ಈ ವಿಷಯದಲ್ಲಿ ಶಾಯಿಯ ಮಾರ್ಕರಿಗೆ ಸ್ಪಷ್ಟ ಮೇಲುಗೈ ಇದೆ. ಪದರ ಕಟ್ಟದ ಕಾರಣ ಅದು ಮಳೆಗಾಲದಲ್ಲೂ ಬೇಗ ಆರುತ್ತದೆ. ಸೆಪ್ಟೆಂಬರಿನೊಳಗೆ ಕೊಡಲೇಬೇಕಾದ ಕೆಲಸವಿದ್ದರೆ ಇದೊಂದೇ ಕಾರಣಕ್ಕೆ ನಾನು ಚಿತ್ರವನ್ನೇ ಬದಲಿಸಿ ಶಾಯಿಗೆ ಹೊಂದಿಸಿದ್ದೂ ಉಂಟು.

ಒಣಗಿದ ಮೇಲೆ, ಬಣ್ಣ ಕೂರಲೆಂದು ಕಾಯಿಸುವುದು ಶಾಯಿ, ಅಕ್ರಿಲಿಕ್, ಬಾಟಲಿಯ ಬಣ್ಣ ಈ ಮೂರು ಬಗೆಗೂ ಇದೆ. ಚೀಲವನ್ನು ಒಳಮಗ್ಗುಲು ತಿರುಗಿಸಿ ಅಥವಾ ಚಿತ್ರದ ಮೇಲೆ ತೆಳು ಹತ್ತಿಬಟ್ಟೆ ಹಾಕಿ, ಹಬೆ ಬಿಡದೆ, ಪೆಟ್ಟಿಗೆಯನ್ನು ಒಂದೇ ಕಡೆ ನಿಲ್ಲಿಸದೆ ಮೂರರಿಂದ ಐದು ನಿಮಿಷ ಇಸ್ತ್ರಿ ಮಾಡಬೇಕು. ಬಟ್ಟೆಯ ಪಟ್ಟಿಯ ಮೇಲಿನ ಇಸ್ತ್ರಿ ಗುರುತಿನಲ್ಲಿ ಒಂದು ಚುಕ್ಕಿಯಿದ್ದರೆ ಹೆಚ್ಚೆಂದರೆ 110 ಡಿಗ್ರಿ, ಎರಡಿದ್ದರೆ 150, ಮೂರಿದ್ದರೆ 200 ಡಿಗ್ರಿ ಸೆಲ್ಸಿಯಸ್ ತಡೆಯುತ್ತದೆ ಎಂದು ಅರ್ಥ. ಬಾಟಲಿಯ ಅಥವಾ ಪೊಟ್ಟಣದ ಮೇಲೆ ಬೇರೆ ಸೂಚನೆಯಿದ್ದರೆ ಅದನ್ನೇ ಅನುಸರಿಸಿ. ಪೆನ್ಸಿಲಿನಲ್ಲಿ ಗುರುತು ಮಾಡಿಕೊಂಡಿದ್ದರೆ ಇಸ್ತ್ರಿಗೆ ಮೊದಲೇ ಅಳಿಸಬೇಕು, ಕಾಯಿಸಿದ ಮೇಲೆ ಹೋಗುವುದು ಕಷ್ಟ. ಟೈಲರ್ ಚಾಕ್ ಆದರೆ ಆ ತೊಂದರೆಯಿಲ್ಲ.

ಇನ್ನು ಆ ಮೂವರ ವಿಚಾರ

ಹೋಂಸ್ಟೇಯವರ ನಲವತ್ತು ಚೀಲಗಳಿಗೆ ನಾನು ಹೇಳಿದ್ದು ಬೆರಕೆ ಪದ್ಧತಿ: ಕೋರಾ ಕ್ಯಾನ್ವಾಸ್, ಎಲೆ ತುಂಬಲು ಬಾಟಲಿಯ ಹಸಿರು ಕಂದು, ಗೆರೆಗೆ ಬಿಡಿಯಾಗಿ ಕೊಂಡ ಕಪ್ಪು ಮತ್ತು ಬಿಳಿ ಅಕ್ರಿಲಿಕ್ ಮಾರ್ಕರ್, ಹಣ್ಣಿಗೆ ಒಂದು ಕೆಂಪು. ನಾಲ್ಕೈದು ಸಾಮಗ್ರಿಗಳಲ್ಲಿ ಮುಗಿಯುವುದರಿಂದ ಚೀಲವೊಂದಕ್ಕೆ ಬೀಳುವ ಬಣ್ಣದ ಖರ್ಚು ಚೀಲದ ಹೊಲಿಗೆಗಿಂತ ಕಡಿಮೆಯಾಗುತ್ತದೆ. ಅತಿಥಿಗಳು ಅದನ್ನು ಕಲ್ಲಿನ ಮೇಲೆ ಒಗೆಯುವವರಲ್ಲವಾದ್ದರಿಂದ ಬಾಳಿಕೆಯ ಚಿಂತೆಯೂ ಅಷ್ಟಿಲ್ಲ. ಇದೇ ಸಂಖ್ಯೆ ನಾನೂರಾಗಿದ್ದರೆ ಮಾರ್ಕರ್ ಮಾತೇ ಬೇಡ, ಸ್ಕ್ರೀನ್ ಪ್ರಿಂಟಿಂಗ್ ಮಾಡಿಸಿ ಮೇಲೊಂದು ಕೆಂಪು ಚುಕ್ಕಿಯನ್ನು ಮಾತ್ರ ಕೈಯಿಂದ ಇಡಿ ಎನ್ನುತ್ತಿದ್ದೆ.

ಹುಟ್ಟುಹಬ್ಬದ ಮಕ್ಕಳಿಗೆ ಶಾಯಿಯ ಫ್ಯಾಬ್ರಿಕ್ ಮಾರ್ಕರ್. ಹನಿ ಬೀಳುವುದಿಲ್ಲ, ಒತ್ತಬೇಕಿಲ್ಲ, ಅಲುಗಾಡಿಸಬೇಕಿಲ್ಲ, ಸಂಜೆ ಮನೆಗೆ ಹೊರಡುವಷ್ಟರಲ್ಲಿ ಆರಿರುತ್ತದೆ. ಬಿಳಿ ಪೌಚೇ ಆಗಬೇಕು, ಒಳಗೆ ರಟ್ಟಿನ ತುಂಡು ಹಾಕಿ ಕೊಡಬೇಕು, ಇಲ್ಲದಿದ್ದರೆ ಶಾಯಿ ಹಿಂದಿನ ಮಗ್ಗುಲಿಗೂ ಇಳಿಯುತ್ತದೆ. ವಿಷಕಾರಿಯಲ್ಲ ಎಂದು ಪೊಟ್ಟಣದ ಮೇಲೆ ಬರೆದಿರುವುದನ್ನೇ ಕೊಳ್ಳಿ ಎಂದೂ ಹೇಳಿದೆ. ಮಕ್ಕಳು ಬಟ್ಟೆಗೆ ಬರೆದಷ್ಟೇ ಕೈಗೂ ಬರೆದುಕೊಳ್ಳುತ್ತಾರೆ, ಹುಟ್ಟುಹಬ್ಬದ ಫ್ರಾಕಿಗೂ ಬರೆದುಕೊಳ್ಳುತ್ತಾರೆ, ಮತ್ತು ಅದು ಫ್ಯಾಬ್ರಿಕ್ ಮಾರ್ಕರ್ ಎಂಬುದನ್ನು ಮರೆಯಬಾರದು. ಆದ್ದರಿಂದ ಹಳೆಯ ಶರಟೊಂದನ್ನು ಮೇಲೆ ತೊಡಿಸಿ ಕೂರಿಸುವುದು ಒಳ್ಳೆಯದು.

ಶೂ ಹುಡುಗಿಗೆ ಇದ್ದ ಆಯ್ಕೆ ಒಂದೇ. ಕಪ್ಪಿನ ಮೇಲೆ ಬಿಳಿ ಬೇಕೆಂದರೆ ಮಾರ್ಕರ್‌ಗಳಲ್ಲಿ ಅಕ್ರಿಲಿಕ್ ಬಿಟ್ಟರೆ ದಾರಿಯಿಲ್ಲ, ಆದರೆ ಶೂವಿಗೆ ಇಸ್ತ್ರಿ ಇಡಲಾಗದು. ಮೂರು ದಿನ ಒಣಗಿಸಿ ಹೇರ್ ಡ್ರೈಯರ್ ಹಿಡಿಯಬಹುದು, ಅದು ಇಸ್ತ್ರಿಯಷ್ಟು ಗಟ್ಟಿಯಾಗಿ ಕೂರಿಸುವುದಿಲ್ಲ. ಕಾಲ್ಬೆರಳು ಮಡಚುವ ಕಡೆ ಹೂ ಬರೆಯದೆ ಹಿಮ್ಮಡಿಯ ಪಕ್ಕದಲ್ಲಿ, ಹೊರಮಗ್ಗುಲಿನಲ್ಲಿ ಬರೆ ಎಂದೆ. ಒಂದು ಬಿಳಿ ಪೆನ್ನನ್ನು ಮಾತ್ರ ಕೊಳ್ಳು, ಸೆಟ್ಟು ಬೇಡ ಎಂದೂ ಹೇಳಿದೆ. ಎಂ.ಜಿ. ರಸ್ತೆಯ ಅಂಗಡಿಗೆ ಹೋಗಿ ಹದಿನೆಂಟರ ಸೆಟ್ಟು ತಂದಿದ್ದಾಳಂತೆ.

ಇನ್ನೂ ತೀರ್ಮಾನವಾಗದವರು, ಬರೆಯಬೇಕೆಂದಿರುವ ಬಟ್ಟೆಯದೇ ಒಂದು ಅಂಗೈಯಗಲದ ತುಂಡನ್ನು ತೆಗೆದುಕೊಂಡು, ಪರಿಚಯದವರಿಂದ ಎರವಲಾದರೂ ಸರಿ, ಮೂರು ಬಗೆಯದರಿಂದಲೂ ಒಂದೊಂದು ಗೆರೆ ಮತ್ತು ಒಂದೊಂದು ಕಾಸಿನಗಲದ ಚುಕ್ಕೆ ಹಾಕಿ, ಒಣಗಿಸಿ, ಅರ್ಧ ತುಂಡಿಗೆ ಮಾತ್ರ ಇಸ್ತ್ರಿ ಮಾಡಿ, ನಿಮ್ಮ ಮನೆಯ ಬಟ್ಟೆ ಹೇಗೆ ಒಗೆಯುತ್ತೀರೋ ಹಾಗೆಯೇ ಐದು ಸಲ ಒಗೆದು ನೋಡಿ. ಕಲ್ಲಿನ ಮೇಲೆ ಒಗೆಯುವವರು ಕಲ್ಲಿನ ಮೇಲೆಯೇ ಒಗೆಯಿರಿ.